ಹೊರೆ ಹೊತ್ತವನ ಸಿನಿಮಾ

ನನ್ನ ಸೋದರಮಾವ ತೋಬಿಯಾ ಹುಟ್ಟಿದ್ದು ಜಪಾನಿನವರಿಗೂ ಅಮೆರಿಕದವರಿಗೂ ನಮ್ಮ ದ್ವೀಪಗಳಲ್ಲಿ ನಡೆದ ಯುದ್ಧ ಮುಗಿದ ಮೇಲೆ. ಆದರೂ ಅವನು ಬೆಳೆದದ್ದು ಯುದ್ಧದ ಸಾಮಾನುಗಳ ನಡುವೆಯೇ. ಮುಂಡಾ ಊರಿನ ಸುತ್ತಲಿನ ನಮ್ಮ ಹಳ್ಳಿಗಳಲ್ಲಿ ಯಾರ ಹಿತ್ತಲಿಗೆ ಹೋದರೂ ಅಮೆರಿಕದವರು ವಿಮಾನ ಇಳಿಸಲು ಹಾಸಿದ್ದ ತೂತುತೂತಿನ ಕಬ್ಬಿಣದ ಹಲಗೆಗಳೇ ಬೇಲಿ. ಹಂದಿಗೆ ಮುಸುರೆ ಇಡುತ್ತಿದ್ದದ್ದು ಜಪಾನಿ ಸೈನಿಕನ ಟೋಪಿಯಲ್ಲಿ. ಚರ್ಚಿನ ಗಂಟೆಯೆಂದರೆ ಹಗ್ಗ ಕಟ್ಟಿ ತೂಗುಬಿಟ್ಟ ಫಿರಂಗಿ ಗುಂಡಿನ ಖಾಲಿ ಕವಚ. ದ್ವೀಪಗಳ ನಡುವಿನ ಒಳಗಡಲಿನಲ್ಲಿ ಮುಳುಗಿದ್ದ ವಿಮಾನವೊಂದರ ರೆಕ್ಕೆಯ ಮೇಲೆ ನಿಂತು ಮಾವ ಈಜು ಕಲಿತನಂತೆ. ಇಷ್ಟೆಲ್ಲ ಕಾಲಿಗೆ ಎಡವುವಂತೆ ಬಿದ್ದಿದ್ದರೂ, ಇದೆಲ್ಲ ಹೇಗೆ ನಡೆಯಿತು ಅಂತ ಬಾಯಿಬಿಟ್ಟು ಹೇಳುವವರು ಅವನಿಗೆ ಸಿಗಲಿಲ್ಲ.

ಅವನ ತಾಯಿ, ಅಂದರೆ ನನ್ನ ಅಜ್ಜಿ ಬೆತಿ, ಯುದ್ಧದ ಕಾಲಕ್ಕೆ ನೆರೆಯುವ ವಯಸ್ಸಿನ ಹುಡುಗಿ. ಎಲ್ಲವನ್ನೂ ಕಣ್ಣಾರೆ ಕಂಡವಳು. ಮಾವ ಚಿಕ್ಕವನಿದ್ದಾಗ ಅವಳ ಸೆರಗು ಹಿಡಿದು ಕೇಳುತ್ತಿದ್ದನಂತೆ.

"ಅಮ್ಮಾ, ಬಾಂಬು ಬಿದ್ದಾಗ ಹೆಂಗಿತ್ತು?"

"ಬಿಸಿಲಿತ್ತು. ಹೊಟ್ಟೆ ಹಸಿದಿತ್ತು. ಹೋಗು, ಗೆಣಸು ಕಿತ್ಕೊಂಡು ಬಾ."

ಅವಳು ಹೇಳಿದ ಯುದ್ಧದ ಇತಿಹಾಸ ಅಷ್ಟೇ. ಮಾವ ಮೀನಿನ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ದುಡಿದು ಊರಿಗೆ ಮರಳುವಾಗ ಎಲ್ಲರ ಹಾಗೆ ದೋಣಿಗೆ ಮೋಟರನ್ನೋ ಮನೆಗೆ ತಗಡನ್ನೋ ತರಲಿಲ್ಲ. ಒಂದು ಟಿವಿ, ಒಂದು ವಿಡಿಯೊ ಯಂತ್ರ, ಕೆಮ್ಮುವ ಒಂದು ಜನರೇಟರು, ಪೆಟ್ಟಿಗೆ ತುಂಬ ಕ್ಯಾಸೆಟ್ಟು ತಂದ. ಕ್ಯಾಸೆಟ್ಟುಗಳೆಲ್ಲ ಯುದ್ಧದ ಸಿನಿಮಾಗಳೇ. ಹೆಂಡತಿ ಲೈನಾ ಒಂದು ವಾರ ಅವನ ಜೊತೆ ಮಾತಾಡಲಿಲ್ಲ. ಆಮೇಲೆ, ಸಿನಿಮಾ ನೋಡಲು ಬಂದ ಜನ ಹಸಿದಿರುತ್ತಾರೆ ಅಂತ ಹೊಳೆದು, ಬಾಗಿಲಲ್ಲಿ ಹುರಿದ ಮೀನು, ಬೇಯಿಸಿದ ಮರಗೆಣಸು ಮಾರಲು ಕೂತಳು.

ಮಾವ ಹಳೆಯ ಕೊಬ್ಬರಿ ಶೆಡ್ಡಿನ ಸಂದುಗಳಿಗೆ ಗೋಣಿ ತುರುಕಿ ಕತ್ತಲು ಮಾಡಿದ. ಶನಿವಾರ ಮಧ್ಯಾಹ್ನ ಸಿನಿಮಾ. ಟಿವಿ ಪಕ್ಕದಲ್ಲಿ ಬೆತ್ತ ಹಿಡಿದು ನಿಂತು, ಅಲ್ಲಿ ನಡೆಯುವುದನ್ನೆಲ್ಲ ನಮ್ಮ ಮಾತಿನಲ್ಲಿ ಹೇಳುವುದು ಅವನ ಕೆಲಸ. ಅವನಿಗೆ ಬರುತ್ತಿದ್ದದ್ದು ಕಾರ್ಖಾನೆಯ ಇಂಗ್ಲಿಷು. ಬಲೆ, ಮಂಜುಗಡ್ಡೆ, ಪಾಳಿ, ಬೈಗುಳ ಇಷ್ಟರಲ್ಲಿ ಅದು ಮುಗಿಯುತ್ತಿತ್ತು. ಮಿಕ್ಕದ್ದನ್ನು ಅವನೇ ಕಟ್ಟುತ್ತಿದ್ದ.

"ಏ ತೋಬಿಯಾ, ಹೋದ ವಾರ ಆ ಮೀಸೆಯವನನ್ನ ಇವನ ಭಾವ ಅಂದಿದ್ದೆ. ಇವತ್ತು ಚಿಕ್ಕಪ್ಪ ಆಗ್ಬಿಟ್ನಾ?" ಅಂತ ಯಾರೋ ಹಿಂದಿನಿಂದ ಕೂಗಿದರೆ, ಮಾವ ತಿರುಗಿಯೂ ನೋಡದೆ, "ಭಾವಾನೂ ಹೌದು, ಚಿಕ್ಕಪ್ಪನೂ ಹೌದು. ನಿಮ್ಮನೇಲಿ ಇಲ್ವಾ ಹಂಗೆ?" ಅನ್ನುತ್ತಿದ್ದ. ಕೇಳಿದವನ ಮನೆಯಲ್ಲಿ ನಿಜವಾಗಿಯೂ ಹಾಗೆಯೇ ಇದ್ದದ್ದರಿಂದ ಶೆಡ್ಡಿಗೆ ಶೆಡ್ಡೇ ನಗುತ್ತಿತ್ತು.

ನಾನು ಟೀಚರ್ ತರಬೇತಿ ಮುಗಿಸಿ ಊರಿನ ಶಾಲೆಗೆ ಬಂದ ಮೇಲೆ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳತೊಡಗಿದ. ಮಾತು ಬಂದಾಗಲೆಲ್ಲ ಬಗ್ಗಿ ನನ್ನ ಕಿವಿಯಲ್ಲಿ ಕೇಳುವನು.

"ಡೆಲ್ಮಾ, ನಿಜಕ್ಕೂ ಏನಂದ?"

"ಬೆಟ್ಟದ ಆ ಕಡೆ ಹೋಗಿ ಅಂದ, ಮಾವ."

"ಅಷ್ಟೇನಾ?" ಮುಖ ಬಾಡಿಸಿಕೊಂಡು, ಮತ್ತೆ ನೆಟ್ಟಗೆ ನಿಂತು, ಜನಕ್ಕೆ ಗಟ್ಟಿಯಾಗಿ ಹೇಳುವನು: "ನಿನ್ನ ಹೆತ್ತ ತಾಯಿ ಆಣೆ, ನನ್ನ ಬಿಟ್ಟು ಬೆಟ್ಟದ ಆ ಕಡೆ ಹೊರಟುಹೋಗು ಅಂತಿದ್ದಾನೆ, ಪಾಪ!"

ಸಿನಿಮಾ ಮುಗಿದ ಕೂಡಲೇ ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರನ್ನೇ ತಡೆದು, "ಏನು ಉಳೀತು ಮನಸ್ಸಲ್ಲಿ?" ಅಂತ ಕೇಳುವುದು ಅವನ ಇನ್ನೊಂದು ಚಾಳಿ. ಜನ ಮೊದಮೊದಲು ಗೇಲಿ ಮಾಡಿದರು. ಆಮೇಲೆ ಅವರೂ ಉತ್ತರ ಸಿದ್ಧ ಮಾಡಿಕೊಂಡೇ ಎದ್ದು ಬರತೊಡಗಿದರು. ಮಾವನಿಗೆ ಅಚ್ಚರಿಯಾದದ್ದು ಏನೆಂದರೆ, ಹಾಗೆ ಉಳಿದದ್ದರಲ್ಲಿ ಗುಂಡು, ಬಾಂಬು, ಬಾವುಟ, ದಳಪತಿ ಯಾವುದೂ ಇರುತ್ತಿರಲಿಲ್ಲ. ಹಿಮದಲ್ಲಿ ನಡೆಯುವ ಯುದ್ಧದ ಸಿನಿಮಾವೊಂದಿತ್ತು. ಅದನ್ನು ನೋಡಿ ಬಂದ ಹೆಂಗಸರು, "ಅಯ್ಯೋ, ಅಷ್ಟು ದೊಡ್ಡ ಗಂಡಸು ಒದ್ದೆ ಕಾಲುಚೀಲ ಹಿಂಡ್ಕೊಂಡು ಅಳ್ತಾನಲ್ಲ" ಅಂದರು. ಇನ್ನೊಂದರಲ್ಲಿ ಗುಂಡಿಯೊಳಗೆ ಅಡಗಿದ ಸಿಪಾಯಿಗಳು ಒಂದು ಕೋಳಿ ಸಾಕಿಕೊಂಡಿದ್ದರು. ಆ ಯುದ್ಧ ಯಾರು ಗೆದ್ದರು ಅಂತ ಇವತ್ತಿಗೂ ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ಕೋಳಿ ಬದುಕಿತು ಅಂತ ಮಾತ್ರ ಎಲ್ಲರಿಗೂ ಗೊತ್ತು. ಕಡಲೊಳಗೆ ಮುಳುಗಿ ಸಾಗುವ ಹಡಗಿನ ಸಿನಿಮಾ ಬಂತೆಂದರೆ ಮುತ್ತಿನ ಚಿಪ್ಪಿಗೆ ಮುಳುಗುವ ಗಂಡಸರೆಲ್ಲ ಮುಂದೆ ಬಂದು ಕೂರುತ್ತಿದ್ದರು. ಹಡಗಿನೊಳಗೆ ಎಲ್ಲರೂ ಸದ್ದಿಲ್ಲದೆ ನಿಂತಾಗ ಇವರೂ ಉಸಿರು ಹಿಡಿಯುತ್ತಿದ್ದರು. ಯಾರು ಕೊನೆಯವರೆಗೆ ಹಿಡಿದರು ಅಂತ ಆಮೇಲೆ ಜಗಳ.

"ನೋಡು ಡೆಲ್ಮಾ," ಅನ್ನುವನು ಮಾವ, ಜನರೇಟರಿನ ಬಿಸಿ ಆರಲು ಕಾಯುತ್ತಾ, ಅಡಿಕೆಗೆ ಸುಣ್ಣ ಮುಟ್ಟಿಸುತ್ತಾ. "ಅಷ್ಟೊಂದು ಖರ್ಚು ಮಾಡಿ ಊರಿಗೆ ಊರೇ ಸುಟ್ಟು ತೋರಿಸ್ತಾರೆ. ಇವರು ಕಾಲುಚೀಲ ನೋಡ್ಕೊಂಡು ಬರ್ತಾರೆ. ಯಾಕಿರಬಹುದು?"

"ಮನೆ ಸುಡೋದು ಇವರಿಗೆ ಗೊತ್ತಿಲ್ಲ, ಬಟ್ಟೆ ಹಿಂಡೋದು ಗೊತ್ತು. ಅದಕ್ಕೇ ಇರಬೇಕು."

"ಇರಬಹುದು," ಅಂತ ತಲೆಯಾಡಿಸಿದ. "ಆದರೆ ಮನೆ ಸುಟ್ಟಿದ್ದನ್ನ ನೋಡಿರೋರೂ ಇದ್ದಾರಲ್ಲ. ಅವರಿಗೆ ಏನು ಉಳಿಯುತ್ತೋ." ಅವನ ಕಣ್ಣು ಅಜ್ಜಿಯ ಅಡುಗೆಮನೆಯ ಹೊಗೆಯ ಕಡೆಗಿತ್ತು.

ಅಜ್ಜಿ ಒಂದು ದಿನವೂ ಶೆಡ್ಡಿನೊಳಗೆ ಕಾಲಿಟ್ಟವಳಲ್ಲ. ಕರೆದರೆ, "ಒಂದ್ಸಲ ಬಿಟ್ಟಿಯಾಗೇ ತೋರಿಸಿದಾರೆ, ಸಾಕು" ಅನ್ನುತ್ತಿದ್ದಳು.

ಒಂದು ಸಲ ಮಾವ ರಾಜಧಾನಿ ಹೊನಿಯಾರಾದಿಂದ ಹೊಸದೊಂದು ಕ್ಯಾಸೆಟ್ಟು ತರಿಸಿದ. ನಮ್ಮ ದ್ವೀಪಗಳ ಕಡೆಯ ಯುದ್ಧದ ಕಥೆಯೇ ಅದು, ಆದರೆ ಚಿತ್ರ ತೆಗೆದದ್ದು ಬೇರೆಲ್ಲೋ. ಮರಗಳನ್ನು ನೋಡಿಯೇ ಜನ ಮೂಗು ಮುರಿದರು. ಕಥೆ ಅರ್ಧಕ್ಕೆ ಬಂದಾಗ ಬಣ್ಣ ಹೋಗಿ ಇದ್ದಕ್ಕಿದ್ದಂತೆ ಕಪ್ಪುಬಿಳುಪು ಬಂತು. ಯುದ್ಧದ ಕಾಲದಲ್ಲೇ ಯಾರೋ ಸಿಪಾಯಿ ನಿಜವಾಗಿ ತೆಗೆದಿದ್ದ ತುಣುಕನ್ನು ತಂದು ಮಧ್ಯೆ ಅಂಟಿಸಿದ್ದರು. ಕೆಸರಿನ ಏರು. ನಮ್ಮಂಥ ಕಪ್ಪು ಗಂಡಸರು ಸಾಲಾಗಿ, ಹೆಗಲ ಮೇಲೆ ಮರದ ಪೆಟ್ಟಿಗೆ ಹೊತ್ತು ಹತ್ತುತ್ತಿದ್ದಾರೆ. ಮೈಮೇಲೆ ಅಂಗಿಯಿಲ್ಲ, ಸೊಂಟಕ್ಕೊಂದು ತುಂಡು ಬಟ್ಟೆ. ಅವರಲ್ಲೊಬ್ಬ, ತೋಳಿಗೆ ಬಿಳಿ ಚಿಪ್ಪಿನ ಬಳೆ ಹಾಕಿದ ಎಳೆಯ ಗಂಡಸು, ಕಾಲು ಜಾರಿ ಸಾವರಿಸಿಕೊಂಡು, ತಲೆಯೆತ್ತಿ ನೇರ ನಮ್ಮ ಕಡೆ ನೋಡಿದ. ನಗಲು ಹೊರಟು ನಗದೆ ಬಿಟ್ಟ ಮುಖ. ಮರುಗಳಿಗೆಗೆ ಮತ್ತೆ ಬಣ್ಣ ಬಂತು, ಬಿಳಿಯ ನಾಯಕ ಸಿಗರೇಟು ಹಚ್ಚಿದ.

ಮುಂದೆ ಕೂತಿದ್ದ ಒಬ್ಬ ಹುಡುಗಿ ಹೇಳಿದಳು: "ತೋಬಿಯಾ ಮಾಮನ ಥರಾನೇ ಇದಾನೆ."

ಎಲ್ಲರೂ ಟಿವಿ ಬಿಟ್ಟು ಮಾವನ ಮುಖ ನೋಡಿದರು. ಮಾವ ಬೆತ್ತ ಕೆಳಗಿಟ್ಟ. ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ. ಅದೇ ಅಗಲ ಹಣೆ, ಅದೇ ಒಂದು ಪಕ್ಕಕ್ಕೆ ಓರೆಯಾಗುವ ಬಾಯಿ. ಅವತ್ತು ಯಾರನ್ನೂ ಬಾಗಿಲಲ್ಲಿ ತಡೆದು ಕೇಳಲಿಲ್ಲ ಅವನು. ನೇರ ಅಡುಗೆಮನೆಗೆ ಹೋದ. ನಾನೂ ಹಿಂದೆಯೇ ಹೋದೆ.

ಅಜ್ಜಿ ತೆಂಗಿನಕಾಯಿ ತುರಿಯುತ್ತಿದ್ದಳು. ಮಾವ ನೋಡಿದ್ದನ್ನು ಹೇಳಿದ. ಅವಳು ತುರಿಯುವುದನ್ನು ನಿಲ್ಲಿಸಲಿಲ್ಲ. ಕಾಯಿ ಮುಗಿದು ಚಿಪ್ಪು ಕೆರೆಯುವ ಸದ್ದು ಬಂದ ಮೇಲೆ, "ಬಳೆ ಯಾವ ತೋಳಲ್ಲಿತ್ತು?" ಅಂತ ಕೇಳಿದಳು.

"ಬಲ ತೋಳು."

"ಹ್ಞೂ" ಅಂದಳು. ಇನ್ನೊಂದು ಕಾಯಿ ಎತ್ತಿಕೊಂಡಳು.

ಮರುದಿನ ಚರ್ಚು ಮುಗಿಸಿ, ಅದೇ ಬಿಳಿ ಬಟ್ಟೆಯಲ್ಲೇ ಶೆಡ್ಡಿಗೆ ಬಂದಳು. ಭಾನುವಾರ ಜನರೇಟರು ಹಾಕಬಾರದು ಅಂತ ಊರಿನ ಕಟ್ಟಳೆ. ಪಾದ್ರಿ ಆ ಕಡೆ ನೋಡದವರಂತೆ ನಡೆದುಹೋದರು. ಅಜ್ಜಿ ಮುಂದಿನ ಬೆಂಚಿನಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಳು. ಮಾವ ಆ ಜಾಗ ಹುಡುಕಿ ಹಾಕಿದ.

"ತಿರುಗಿಸು" ಅಂದಳು. ತಿರುಗಿಸಿದ.

"ಇನ್ನೊಂದ್ಸಲ."

ಎಷ್ಟು ಸಲ ಹಾಕಿದನೋ. ಕೊನೆಗೆ, "ನಮ್ಮ ಗೆಮು" ಅಂದಳು.

ಗೆಮು ಅವಳ ಅಣ್ಣ. ಹೊರೆ ಹೊರಲು ಅಮೆರಿಕದವರ ಜೊತೆ ಹೋದವನು, ಬರಲಿಲ್ಲ ಅನ್ನುವುದಷ್ಟೇ ನಮಗೆ ಗೊತ್ತಿದ್ದದ್ದು. ಅವತ್ತು, ಪರದೆಯ ಮೇಲೆ ನಡುಗುತ್ತಾ ನಿಂತ ಆ ಮುಖದ ಎದುರು, ಅವಳು ಮಾವನಿಗೆ ಮೊದಲ ಸಲ ಹೇಳಿದಳು. ಊರಿನವರೆಲ್ಲ ಕಾಡೊಳಗಿನ ಗುಹೆಯಲ್ಲಿದ್ದರಂತೆ. ಅಮೆರಿಕದವರ ಕಡೆಯವನೊಬ್ಬ ಬಂದು, ಗಟ್ಟಿಮುಟ್ಟಾದ ಗಂಡಸರು ಬೇಕು ಅಂದನಂತೆ. ಅಪ್ಪನಿಗೆ ಜ್ವರ, ಗೆಮು ಎದ್ದುನಿಂತನಂತೆ. "ಹೊರಡೋಕೆ ಮುಂಚೆ ಅವನಿಗೆ ಹೊಸ ಬಟ್ಟೆ ಕೊಟ್ರು. ಕೆಂಪು ಬಟ್ಟೆ. ನಾವೆಲ್ಲ ಹರಕು ಸುತ್ಕೊಂಡಿದ್ವಿ. ಅವನು ಅದನ್ನ ಉಟ್ಕೊಂಡು ಒಂದು ಸುತ್ತು ತಿರುಗಿ ತೋರಿಸ್ದ. ನಂಗೆ ಎಷ್ಟು ಹೊಟ್ಟೆಕಿಚ್ಚಾಯ್ತು ಅಂದ್ರೆ, ಮುಖ ತಿರುಗಿಸ್ಕೊಂಡು ಕೂತೆ. ಅವನು ಹೋಗಿದ್ದು ನೋಡ್ಲೇ ಇಲ್ಲ."

ಜೀವಮಾನವೆಲ್ಲ ಕೇಳುತ್ತಲೇ ಬಂದ ಮಾವ ಅವತ್ತು ಸುಮ್ಮನೆ ಕೂತ.

ಸುದ್ದಿ ಒಳಗಡಲಿನ ಉದ್ದಕ್ಕೂ ಹಬ್ಬಿತು. ದೋಣಿ ಹುಟ್ಟುಹಾಕಿಕೊಂಡು ಜನ ಬಂದರು. ಯುದ್ಧದಲ್ಲಿ ಸತ್ತವನೊಬ್ಬ ಸಿನಿಮಾದಲ್ಲಿ ಬದುಕಿದ್ದಾನಂತೆ, ತಿರುಗಿ ನೋಡುತ್ತಾನಂತೆ ಅಂತ. ಕೋಳಿಯ ಸಿನಿಮಾ, ಮುಳುಗುವ ಹಡಗಿನ ಸಿನಿಮಾ ಎಲ್ಲ ಮೂಲೆಗೆ ಬಿದ್ದವು. ಶನಿವಾರ ಬಂತೆಂದರೆ "ಹೊರೆ ಹೊತ್ತವನದ್ದು ಹಾಕು" ಅಂತ ಒಂದೇ ಕೂಗು. ಹಾಕಿದರೆ ಆ ಜಾಗದವರೆಗೂ ಗುಸುಗುಸು ಮಾತು, ಅಲ್ಲಿಗೆ ಬಂದಾಗ ಮೌನ, ದಾಟಿದ ಕೂಡಲೇ "ಹಿಂದಕ್ಕೆ, ಹಿಂದಕ್ಕೆ!" ಇಡೀ ಸಿನಿಮಾವನ್ನು ಯಾರೂ ನೋಡಲಿಲ್ಲ. ಅದರ ಕಥೆ ಹೇಗೆ ಮುಗಿಯುತ್ತದೆ ಅಂತ ಮಾವನಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಒಳಗಡಲಿನ ಆಚೆ ದಡದಿಂದ ಇವಾಲಿನಾ ಬಂದಳು. ಐವತ್ತರ ಆಸುಪಾಸಿನ ಎತ್ತರದ ಹೆಂಗಸು. ಇಬ್ಬರು ಗಂಡುಮಕ್ಕಳು ಹುಟ್ಟುಹಾಕಿಕೊಂಡು ಕರೆತಂದಿದ್ದರು. ಸಿನಿಮಾ ನೋಡಿದಳು, ಎದ್ದು ನಿಂತಳು, ಅಜ್ಜಿಯ ಕಡೆ ತಿರುಗಿ, "ಅಮ್ಮಾ, ಬೇಜಾರು ಮಾಡ್ಕೋಬೇಡಿ. ಅದು ನಮ್ಮಪ್ಪ" ಅಂದಳು.

ಶೆಡ್ಡಿನಲ್ಲಿ ಗಲಿಬಿಲಿಯಾಯಿತು. ಅಜ್ಜಿ ಅಲುಗಾಡಲಿಲ್ಲ.

"ಯಾರಮ್ಮ ನಿಮ್ಮಪ್ಪ?"

"ಹೊಪಾ ಅಂತ. ಅವರೂ ಹೊರೆ ಹೊರೋಕೆ ಹೋದೋರು. ಬರ್ಲಿಲ್ಲ."

"ಆಗ ನಿಂಗೆ ಎಷ್ಟು ವಯಸ್ಸು?"

"ನಾಕೋ ಐದೋ."

"ನಾಕು ವರ್ಷದೋಳಿಗೆ ಮುಖ ನೆನಪಿರುತ್ತಾ ತಾಯಿ?"

ಇವಾಲಿನಾ ತುಟಿ ಕಚ್ಚಿಕೊಂಡಳು. "ಮುಖ ನೆನಪಿಲ್ಲ. ಆದರೆ ಅಮ್ಮ ಯಾವಾಗ್ಲೂ ಹೇಳ್ತಿದ್ಲು, ನಿಮ್ಮಪ್ಪ ಎಡಗೈಯವನು ಅಂತ. ನೋಡಿ, ಪೆಟ್ಟಿಗೆ ಎಡ ಹೆಗಲ ಮೇಲಿದೆ."

"ಬಲ ಹೆಗಲು ಸುಲಿದುಹೋದ್ರೆ ಎಡಕ್ಕೆ ಹಾಕ್ಕೋತಾರೆ. ಹೊರೆ ಹೊತ್ತೋರಿಗೆ ಗೊತ್ತಿರುತ್ತೆ."

"ನಾನೂ ಹೊತ್ತಿದೀನಿ ಅಮ್ಮ," ಅಂದಳು ಇವಾಲಿನಾ. ದನಿಯಲ್ಲಿ ಸಿಟ್ಟು ಬಂದಿತ್ತು. "ಅಪ್ಪ ಇಲ್ಲದ ಮನೇಲಿ ಹೊರೆ ಹೊರದೆ ಇನ್ನೇನು."

ಮಾವ ಇಬ್ಬರ ನಡುವೆ ಬೆತ್ತ ಹಿಡಿದುಕೊಂಡು ದಿಕ್ಕು ತೋಚದೆ ನಿಂತಿದ್ದ. ಇವಾಲಿನಾ ಅವನಿಗೆ ಹೇಳಿದಳು: "ತಮ್ಮಾ, ಆ ಮುಖ ಅಲ್ಲೇ ನಿಲ್ಲಿಸು." ನಿಲ್ಲಿಸಿದ. ಅವಳು ಮುಂದೆ ಬಂದು ಮಂಡಿಯೂರಿ, ತನ್ನ ಮುಖವನ್ನು ಟಿವಿಗೆ ತಾಗುವಷ್ಟು ಹತ್ತಿರ ಹಿಡಿದು ನಮ್ಮ ಕಡೆ ತಿರುಗಿದಳು. "ನಂಗೆ ಅಪ್ಪನ ದವಡೆ ಅಂತೆ. ನನಗೆ ಕಾಣಲ್ಲ, ನೀವೇ ನೋಡಿ ಹೇಳಿ."

ಪರದೆಯ ಬೆಳಕು ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ಒಂದು ಕಡೆ ಆ ಎಳೆಯ ಗಂಡಸು, ಪಕ್ಕದಲ್ಲಿ ಅವನ ತಾಯಿಯಾಗುವಷ್ಟು ವಯಸ್ಸಾದ ಅವನ ಮಗಳು. ಜನ ಬಗ್ಗಿ ಬಗ್ಗಿ ನೋಡಿದರು. ಅರ್ಧ ಜನ ಹೌದು ಅಂದರು. ಇನ್ನರ್ಧ ಜನ ತೋಬಿಯಾನನ್ನೂ ಪಕ್ಕದಲ್ಲಿ ನಿಲ್ಲಿಸಬೇಕು ಅಂದರು. ನಿಲ್ಲಿಸಿದರು. ಈಗ ತೋಬಿಯಾನೂ ಇವಾಲಿನಾನೂ ಅಕ್ಕತಮ್ಮನಂತೆ ಕಾಣತೊಡಗಿ, ನೋಡುತ್ತಿದ್ದವರಿಗೆ ಯಾರು ಯಾರನ್ನು ಹೋಲುತ್ತಾರೆ ಅನ್ನುವುದೇ ಗೋಜಲಾಯಿತು. ಅಜ್ಜಿ ಮಾತ್ರ ಯಾರನ್ನೂ ನೋಡದೆ ಕೈಚೀಲದ ಹಿಡಿಯನ್ನು ತಿರುವುತ್ತಿದ್ದಳು.

ಅವತ್ತಿಗೆ ತೀರ್ಮಾನವಾಗಲಿಲ್ಲ. ಮುಂದಿನ ಶನಿವಾರ ಇವಾಲಿನಾ ಮತ್ತೆ ಬಂದಳು, ಅದರ ಮುಂದಿನ ಶನಿವಾರವೂ ಬಂದಳು. ಬರುವಾಗ ಒಂದು ಸಲ ಸುಟ್ಟ ಮೀನು, ಒಂದು ಸಲ ಎಲೆಯಲ್ಲಿ ಕಟ್ಟಿದ ಕಡುಬು. ಅಜ್ಜಿ ತೆಗೆದುಕೊಳ್ಳುತ್ತಿದ್ದಳು, ಆದರೆ "ಅವನು ಗೆಮುನೇ" ಅನ್ನುವುದನ್ನು ಬಿಡುತ್ತಿರಲಿಲ್ಲ. ಇಬ್ಬರೂ ಮುಂದಿನ ಬೆಂಚಿನಲ್ಲಿ ಒಬ್ಬರ ಪಕ್ಕ ಒಬ್ಬರು ಕೂತು ಅದೇ ಮುಖವನ್ನು ನೋಡುತ್ತಿದ್ದರು. ಹಿಂದಕ್ಕೂ ಮುಂದಕ್ಕೂ ಎಳೆದಾಡಿದ ಕ್ಯಾಸೆಟ್ಟಿನ ಆ ಜಾಗದಲ್ಲಿ ಬಿಳಿ ಗೆರೆಗಳು ಮೂಡತೊಡಗಿದ್ದವು.

"ಹಿಂಗೇ ಮಾಡಿದ್ರೆ ಇದು ಹಾಳಾಗುತ್ತೆ," ಅಂದ ಮಾವ ನನ್ನ ಹತ್ತಿರ. "ಯಾರು ಅಂತ ಗೊತ್ತಾಗೋ ಮುಂಚೆ ಮುಖಾನೇ ಹೋಗ್ಬಿಡುತ್ತೆ. ಫಿಯುಲಾ ದೊಡ್ಡಪ್ಪನ್ನ ಕರೀಲಾ?"

ಫಿಯುಲಾ ಮಲೈತಾ ದ್ವೀಪದವನು. ಹರೆಯದಲ್ಲಿ ಯುದ್ಧದ ಕೂಲಿಪಡೆಯಲ್ಲಿ ಪೆಟ್ಟಿಗೆ ಹೊತ್ತು, ಆಮೇಲೆ ಬಡಗಿಯಾಗಿ ನಮ್ಮೂರಿಗೆ ಬಂದು, ಇಲ್ಲಿಯ ಹೆಣ್ಣನ್ನೇ ಮದುವೆಯಾಗಿ ಉಳಿದವನು. ಸಿನಿಮಾ ಶೆಡ್ಡಿನ ಬಾಗಿಲು ಅವನೇ ಮಾಡಿಕೊಟ್ಟದ್ದು. ಆದರೆ ಅವನೂ ಒಳಗೆ ಬಂದವನಲ್ಲ.

ಬಂದ. ಕಣ್ಣು ಕಿರಿದು ಮಾಡಿ ನೋಡಿದ. ಮುಖ ನೋಡಿದ್ದಕ್ಕಿಂತ ಹೆಚ್ಚಾಗಿ ಮುಖದ ಹಿಂದಿನದನ್ನು ನೋಡಿದ.

"ಇದು ನಿಮ್ಮ ಕಡೆ ಅಲ್ಲ ಅನ್ಸುತ್ತೆ," ಅಂದ ಅನುಮಾನಿಸುತ್ತಾ. "ಆ ಗುಡ್ಡ ನೋಡಿ, ಬರೀ ಹುಲ್ಲು. ಇಲ್ಲೆಲ್ಲಿದೆ ಹುಲ್ಲುಗುಡ್ಡ? ಗ್ವಾಡಲ್‌ಕೆನಾಲ್ ದ್ವೀಪದ ಹಂಗಿದೆ. ಅಲ್ಲಿ ಹೊತ್ತೋರು ಹೆಚ್ಚಾಗಿ ನಮ್ಮ ಮಲೈತಾದೋರು. ಹಂಗಂತ ಖಚಿತವಾಗಿ ಹೇಳೋಕಾಗಲ್ಲ. ಒಂದು ಕಡೆಯೋರನ್ನ ಇನ್ನೊಂದು ಕಡೆಗೂ ಹಡಗಿಗೆ ಹಾಕಿ ಒಯ್ದಿದಾರೆ."

"ಹಂಗಾದ್ರೆ ಇವನು ನಿಮ್ಮೋನಾ?" ಮಾವ ಕೇಳಿದ.

ಫಿಯುಲಾ ಪರದೆಯಿಂದ ಕಣ್ಣು ಕಿತ್ತು ಬಾಗಿಲ ಕಡೆ ನೋಡಿದ. "ಒಂದು ಹೆಸರು ಬಾಯಿಗೆ ಬರ್ತಿದೆ. ಹೇಳಲ್ಲ. ಹೇಳಿದ್ರೆ ಇನ್ನೊಂದು ಮನೇಲಿ ಅಳು ಶುರುವಾಗುತ್ತೆ. ಇಷ್ಟು ವರ್ಷದ ಮೇಲೆ, ಒಂದು ಅಂದಾಜಿಗೆ."

ಅವನು ಹೊರಟುಹೋದ. ಶೆಡ್ಡು ಖಾಲಿಯಾಯಿತು. ಬೆಂಚಿನಲ್ಲಿ ಅಜ್ಜಿ, ಇವಾಲಿನಾ. ಯಂತ್ರದ ಪಕ್ಕ ಮಾವ, ನಾನು. ಇವಾಲಿನಾಳ ಕಣ್ಣಿಂದ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಮಾವ ನೆಲ ನೋಡುತ್ತಾ, "ತಪ್ಪು ನನ್ನದೇ. ಈ ಸಿನಿಮಾ ತರಬಾರ್ದಿತ್ತು" ಅಂದ.

"ಸುಮ್ನಿರೋ," ಅಂದಳು ಅಜ್ಜಿ. ಆಮೇಲೆ ಇವಾಲಿನಾಳ ಕಡೆ ತಿರುಗಿ, ಇಷ್ಟು ದಿನದಲ್ಲಿ ಮೊದಲ ಸಲ ಅವಳ ಮೊಣಕೈ ಮುಟ್ಟಿ ಕೇಳಿದಳು: "ನಿಮ್ಮಪ್ಪನ ಹೆಸರಲ್ಲಿ ಊಟ ಹಾಕಿದ್ರಾ?"

ನಮ್ಮಲ್ಲಿ ಸತ್ತವರಿಗೆ ಊಟ ಹಾಕದೆ ಮುಗಿಯುವುದಿಲ್ಲ. ಹಂದಿ ಕಡಿದು, ಕಡುಬು ಮಾಡಿ, ಬಂದವರಿಗೆಲ್ಲ ಎಲೆಯ ಮೇಲೆ ಪಾಲು ಹಂಚಿದ ಮೇಲೆಯೇ ಮನೆಯವರು ಅಳು ನಿಲ್ಲಿಸಿ ಕೆಲಸಕ್ಕೆ ಏಳುವುದು.

"ಇಲ್ಲಮ್ಮ. ಹೆಣ ಬರ್ಲಿಲ್ಲವಲ್ಲ. ಊಟ ಹಾಕಿದ್ರೆ ಸತ್ತ ಅಂತ ನಾವೇ ಒಪ್ಕೊಂಡ ಹಾಗಾಗುತ್ತೆ ಅಂತ ಅಮ್ಮ ಬಿಡ್ಲಿಲ್ಲ. ಅವಳು ಹೋಗೋವರೆಗೂ ಕಾಯ್ತಾನೇ ಇದ್ಲು."

"ನಮ್ಮಮ್ಮನೂ ಹಂಗೇ," ಅಂದಳು ಅಜ್ಜಿ. ಕೈಚೀಲ ತೊಡೆಯಿಂದ ಇಳಿಸಿ, "ನನ್ನ ಹತ್ರ ಒಂದು ಹಂದಿ ಇದೆ" ಅಂದಳು.

ಇವಾಲಿನಾ ಮೂಗು ಸೇದಿಕೊಂಡಳು. "ನನ್ನ ಹತ್ರ ಎರಡಿವೆ."

"ನಿಂದು ಒಂದು ಸಾಕು. ದೊಡ್ಡಸ್ತಿಕೆ ತೋರಿಸ್ಬೇಡ."

ಇಬ್ಬರೂ ನಕ್ಕರು. ಮಾವ ಯಂತ್ರ ಆರಿಸಿದ.

ಊಟಕ್ಕೆ ದಿನ ಗೊತ್ತಾಯಿತು. ಪಾದ್ರಿ ಬಂದು ಕೇಳಿದರು, "ಪ್ರಾರ್ಥನೆ ಯಾರ ಹೆಸರಲ್ಲಿ ಮಾಡ್ಲಿ? ಗೆಮು ಹೆಸರಲ್ಲೋ, ಹೊಪಾ ಹೆಸರಲ್ಲೋ?"

"ಎರಡೂ ಹೇಳಿ," ಅಂದ ಮಾವ.

"ಸಿನಿಮಾದಲ್ಲಿರೋನು ಅವರಿಬ್ಬರೂ ಅಲ್ಲದಿದ್ರೆ?"

"ಅವನಿಗೂ ಸೇರಿಸಿ ಹೇಳಿ. ಹೆಸರು ಗೊತ್ತಿಲ್ಲದಿದ್ರೆ ಏನು, ಮುಖ ನೋಡಿದೀವಲ್ಲ" ಅಂದಳು ಅಜ್ಜಿ. "ಹೊರೆ ಹೊತ್ತೋರು ಅನ್ನಿ. ದೇವರಿಗೆ ಗೊತ್ತಾಗುತ್ತೆ."

ಆ ದಿನ ಬೆಳಗಿನಿಂದಲೇ ಬಿಸಿಗಲ್ಲಿನ ಒಲೆಗಳು ಹೊಗೆಯಾಡಿದವು. ಆಚೆ ದಡದಿಂದ ಹನ್ನೆರಡೋ ಹದಿಮೂರೋ ದೋಣಿ ಬಂದವು. ಮರಗೆಣಸನ್ನು ಅರೆದು, ಕಾಡುಬಾದಾಮಿ ಕುಟ್ಟಿ ಬೆರೆಸಿ, ಕಾಯಿಹಾಲು ಹುಯ್ದು ಕಟ್ಟಿದ ಕಡುಬುಗಳು ಚಾಪೆಯುದ್ದಕ್ಕೂ ಸಾಲಾಗಿ ಕೂತವು. ಅಜ್ಜಿ ಒಂದು ಕೆಂಪು ಬಟ್ಟೆ ಕೊಂಡು ತಂದು, ಮಡಿಕೆ ಬಿಚ್ಚದೆ ಊಟದ ಪಾಲುಗಳ ನಡುವೆ ಇಟ್ಟಳು. ಇವಾಲಿನಾ ಅಪ್ಪನ ಪಾಲನ್ನು ಎಡಗೈಯಿಂದ ಬಡಿಸಿದಳು. ಪಾದ್ರಿಯ ಪ್ರಾರ್ಥನೆ ಮುಗಿಯುತ್ತಿದ್ದಂತೆ ಫಿಯುಲಾ ದಾರಿಯಲ್ಲಿ ಕಾಣಿಸಿದ. ಹೆಗಲ ಮೇಲೆ ಒಂದು ಗೊನೆ ಬಾಳೆ, ಕೈಯಲ್ಲಿ ದೊಡ್ಡ ಮೀನು. ಅವನ್ನು ಸಾಲಿನ ಕೊನೆಗೆ ಇಟ್ಟು, ಮಂಡಿಯೂರಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಏನೋ ಹೇಳಿದ. ಅದು ಒಂದು ಹೆಸರು ಅಂತ ಅವನ ತುಟಿ ನೋಡಿದರೆ ತಿಳಿಯುತ್ತಿತ್ತು. ಎದ್ದವನು ಅಜ್ಜಿಯ ಎದುರು ಕೂತು, "ಹಂದಿ ಚೆನ್ನಾಗಿ ಬೆಂದಿದೆಯಾ?" ಅಂತ ಕೇಳಿದ.

ಉಂಡ ಮೇಲೆ ಜನ ಸಿನಿಮಾ ಹಾಕು ಅಂದರು. ಆಚೆ ದಡದವರಲ್ಲಿ ನೋಡದವರು ಬಹಳ ಮಂದಿ ಇದ್ದರು. ಶೆಡ್ಡು ತುಂಬಿ, ಹೊರಗೂ ನಿಂತರು. ಮಾವ ಮೊದಲಿನಿಂದ ಹಾಕಿದ. ಕಪ್ಪುಬಿಳುಪು ಬಂತು, ಕೆಸರಿನ ಏರು ಬಂತು, ಸಾಲು ಬಂತು. ಅಲ್ಲಿಂದ ಮುಂದೆ ಬಿಳಿ ಗೆರೆಗಳು ಎದ್ದು ಪರದೆ ತುಂಬ ಮಳೆ ಸುರಿದಂತಾಯಿತು. ಮಳೆಯೊಳಗೆ ಒಂದು ತೋಳು ಕಂಡಿತು, ಬಳೆ ಕಂಡಿತು. ಮುಖ ಇರಲಿಲ್ಲ. ಮಾವ ಮಂಡಿಯೂರಿ ಯಂತ್ರದ ಬಾಯಿ ಒರೆಸಿದ, ತಟ್ಟಿದ. ಮತ್ತೆ ಹಾಕಿದರೂ ಅದೇ ಮಳೆ.

ಅವನು ಅಜ್ಜಿಯ ಕಡೆ ಹೆದರಿ ನೋಡಿದ. ಅಜ್ಜಿ ಕೈಯಾಡಿಸಿದಳು. "ಹೋಗ್ಲಿ ಬಿಡು, ಅವನ ಕೆಲಸ ಮುಗೀತು. ಮುಂದಕ್ಕೆ ಹಾಕು. ಈ ದರಿದ್ರ ಕಥೆ ಎಲ್ಲಿಗೆ ಮುಟ್ಟುತ್ತೆ ನೋಡೋಣ."

ಹಾಗೆ ಆ ಸಿನಿಮಾವನ್ನು ನಮ್ಮೂರು ಮೊದಲ ಸಲ ಕೊನೆಯವರೆಗೆ ನೋಡಿತು. ನಾಯಕನಿಗೆ ಗುಂಡು ತಗಲಿ, ಆಸ್ಪತ್ರೆ ಸೇರಿ, ಅಲ್ಲಿಯ ದಾದಿಯನ್ನು ಮದುವೆಯಾದ. ಸಿನಿಮಾ ಮುಗಿದಾಗ ಮಾವ ಬಾಗಿಲಿಗೆ ಓಡಿ ಅಡ್ಡ ನಿಂತ, ಹಳೆಯ ರೂಢಿ. ಮೊದಲು ಎದ್ದು ಬಂದವಳು ಅಜ್ಜಿ.

"ಹೆಂಗಿತ್ತಮ್ಮ?"

"ಕಥೆ ಚೆನ್ನಾಗಿಲ್ಲ," ಅಂದಳು. "ಅವಳಿಗೆ ಅದಕ್ಕಿಂತ ಒಳ್ಳೆ ಗಂಡು ಸಿಗ್ತಿದ್ದ."

ಇವಾಲಿನಾಳ ಎರಡನೆಯ ಮಗ ಆಮೇಲೆ ನಮ್ಮೂರ ಹುಡುಗಿಯನ್ನೇ ಮದುವೆಯಾದ. ಆ ಮದುವೆಯ ಮಾತುಕತೆ ಕುದುರಿಸಿದವಳು ಅಜ್ಜಿ. ಮಾವ ಆ ಕ್ಯಾಸೆಟ್ಟನ್ನು ಎಸೆಯಲಿಲ್ಲ, ಹೊಸ ಪ್ರತಿಯನ್ನು ತರಿಸಲೂ ಇಲ್ಲ. ತರಿಸೋಣವಾ ಅಂತ ನಾನೊಮ್ಮೆ ಕೇಳಿದೆ. "ಮತ್ತೆ ನೋಡಿದ್ರೆ ಮತ್ತೆ ಯಾರು ಅಂತ ಶುರುವಾಗುತ್ತೆ. ಬೇಡ" ಅಂದ. ಮಾತಿಗೆ ಹಾಗಂದರೂ, ದೂರದ ಊರಿಂದ ಮುದುಕರು ಯಾರಾದರೂ ಬಂದರೆ, ಆ ಬಳೆ, ಆ ಬಾಯಿ, ಆ ಹುಲ್ಲುಗುಡ್ಡದ ವಿಷಯ ಎತ್ತಿ ವಿಚಾರಿಸದೆ ಬಿಡುತ್ತಿರಲಿಲ್ಲ.

ನಾವ್ಯಾರೂ ನೆನೆಸದ ಇನ್ನೊಂದು ಸಂಗತಿಯೂ ನಡೆಯಿತು. ಆ ಊಟದ ನಂತರ ಅಜ್ಜಿ ಪ್ರತಿ ಶನಿವಾರ ಶೆಡ್ಡಿಗೆ ಬರತೊಡಗಿದಳು. ಮುಂದಿನ ಬೆಂಚು ಅವಳದ್ದು. ಪರದೆಯ ಮೇಲಿನ ಸಿಪಾಯಿಗಳನ್ನು ಮೊಮ್ಮಕ್ಕಳನ್ನು ಬೈಯುವಂತೆ ಬೈಯುತ್ತಿದ್ದಳು. "ಬೆಂಕಿ ಹಾಕ್ಬೇಡ್ವೋ, ಹೊಗೆ ಕಾಣುತ್ತೆ!" "ಆ ನೀರು ಕುಡೀಬೇಡ, ಅದರಲ್ಲಿ ಏನಿದೆ ಅಂತ ನೋಡಿದ್ಯಾ?" ಅವಳ ಬೈಗುಳದಿಂದಲೇ ಮಾವನಿಗೆ ಚೂರುಚೂರಾಗಿ ಯುದ್ಧ ತಿಳಿಯತೊಡಗಿತು. ಅವನು ಈಗ ಕೇಳುವುದನ್ನು ಬಿಟ್ಟಿದ್ದ. ಸಿನಿಮಾ ಹಾಕಿ, ಅವಳ ಮುಖ ನೋಡುತ್ತಾ ನಿಲ್ಲುತ್ತಿದ್ದ.

ಒಂದು ಶನಿವಾರ ಯಾವುದೋ ಕಾಡಿನ ಯುದ್ಧದ ಸಿನಿಮಾ. ಎರಡೂ ಕಡೆಯಿಂದ ಗುಂಡು ಹಾರುತ್ತಿದೆ, ಹಿನ್ನೆಲೆಯಲ್ಲಿ ಹಕ್ಕಿಗಳು ಕೂಗುತ್ತಿವೆ. ಅಜ್ಜಿ ಕೈಯೆತ್ತಿದಳು.

"ತೋಬಿಯಾ, ಸದ್ದು ನಿಲ್ಸು. ಇದು ಸುಳ್ಳು."

"ಯಾವುದಮ್ಮ?"

"ಹಕ್ಕಿ. ಆಗ ಹಕ್ಕಿ ಎಲ್ಲಿದ್ವು? ಮೊದಲ ದಿನಾನೇ ಎಲ್ಲ ಎದ್ದುಹೋದ್ವು. ಒಂದು ಗಿಳಿ ಇಲ್ಲ, ಒಂದು ಪಾರಿವಾಳ ಇಲ್ಲ."

ಮಾವ ಸದ್ದು ಪೂರ್ತಿ ಇಳಿಸಿದ. ಪರದೆಯ ಮೇಲೆ ಗಂಡಸರು ಬಾಯಿ ತೆರೆದು ಮುಚ್ಚುತ್ತಾ ಓಡುತ್ತಿದ್ದರು. ಹೊರಗೆ ಜನರೇಟರು ಮಾತ್ರ ಗುರುಗುಟ್ಟುತ್ತಿತ್ತು.

"ಮತ್ತೆ ಏನು ಕೇಳಿಸ್ತಿತ್ತು?" ಕೇಳಿದ್ದು ಮಾವನಲ್ಲ, ಹಿಂದೆ ಕೂತಿದ್ದ ಫಿಯುಲಾನ ಹೆಂಡತಿ.

ಅಜ್ಜಿ ಯೋಚಿಸಿದಳು. "ಎಲೆ," ಅಂದಳು. "ಗುಂಡು ತಾಗಿದ ಮರ ಕೂಡಲೇ ಬೀಳಲ್ಲ. ಆದರೆ ಎಲೆ ಉದುರ್ತಾನೇ ಇರುತ್ತೆ. ಗಾಳಿ ಇಲ್ಲ, ಮಳೆ ಇಲ್ಲ, ಗುಂಡಿನ ಸದ್ದೂ ನಿಂತಿದೆ. ಗುಹೆ ಬಾಯಲ್ಲಿ ಕೂತ್ರೆ ಕೇಳಿಸ್ತಿತ್ತು, ಟಪ್, ಟಪ್ ಅಂತ, ಹಸಿರು ಎಲೆಗಳು. ಅದರ ಮೇಲೆ ನಡೆಯೋಕೂ ಹೆದರ್ತಿದ್ವಿ, ಸದ್ದಾಗುತ್ತೆ ಅಂತ."

"ಆಮೇಲೆ?" ಅಂದಳು ಆಕೆ.

"ಆಮೇಲೇನು, ಒಂದಿನ ನಮ್ಮಮ್ಮ..." ಅಂತ ಅಜ್ಜಿ ಶುರುಮಾಡಿದಳು. ಮಾವ ಟಿವಿಯ ಪಕ್ಕದಿಂದ ಸರಿದು, ಬೆಂಚಿನ ಮುಂದೆ ನೆಲದ ಮೇಲೆ ಬಂದು ಕೂತ.